ಒತ್ತಿದ್ದು ಯಾರಿಗೆ ನೆನಪಿದೆ? ಗುಂಡಿ, ಪ್ರೋಗ್ರಾಂ ಮತ್ತು ಒಂದು ಅಭ್ಯಾಸ ಪಾಠ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ನಗರದ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದೆ. ಆ ಶಾಲೆಯಲ್ಲಿ ಟಿಂಕರಿಂಗ್ ಲ್ಯಾಬ್ ಇದೆ. ಬೀರುವಿನಲ್ಲಿ ಹತ್ತಾರು ಆರ್ಡುಯಿನೊ ಬೋರ್ಡುಗಳು, ಒತ್ತುಗುಂಡಿಗಳು, ಎಲ್‌ಇಡಿಗಳು ಇವೆ. ಪಾಠದ ವಿಷಯ ರಸಪ್ರಶ್ನೆಗೆ ಬೇಕಾದ ಬಜರ್ ತಯಾರಿ: ಎರಡು ತಂಡ, ಎರಡು ಗುಂಡಿ, ಎರಡು ದೀಪ. ಮೊದಲು ಯಾರು ಒತ್ತಿದರೋ ಅವರ ದೀಪ ಹತ್ತಬೇಕು.

ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಮಕ್ಕಳು ಬ್ರೆಡ್‌ಬೋರ್ಡಿನಲ್ಲಿ ತಂತಿ ಜೋಡಿಸಿದರು, ಪರದೆಯ ಮೇಲಿದ್ದ ಪ್ರೋಗ್ರಾಂ ನೋಡಿಕೊಂಡು ಟೈಪ್ ಮಾಡಿದರು. ಗುಂಡಿ ಒತ್ತಿದರೆ ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಬೆರಳು ತೆಗೆದ ಕೂಡಲೇ ದೀಪ ಆರಿಹೋಯಿತು. ರಸಪ್ರಶ್ನೆಗೆ ಇದು ಸಾಲದು, ಯಾರು ಒತ್ತಿದರೆಂದು ನೋಡುವಷ್ಟರಲ್ಲಿ ಬೆಳಕೇ ಇರುವುದಿಲ್ಲ. ಪ್ರಶಿಕ್ಷಣಾರ್ಥಿ ಇದನ್ನು ಮುಂಚೆಯೇ ಯೋಚಿಸಿ ಒಂದು ಪರಿಹಾರ ಇಟ್ಟುಕೊಂಡಿದ್ದರು. ದೀಪ ಹತ್ತಿಸಿದ ಮೇಲೆ ಎರಡು ಸೆಕೆಂಡು ಸುಮ್ಮನೆ ಕಾಯುವಂತೆ 'ಡಿಲೇ' ಆದೇಶ ಸೇರಿಸಿಸಿದರು. ಈಗ ಸರಿಯಾಯಿತು ಎಂದುಕೊಂಡು ನಿಜವಾದ ಪ್ರಶ್ನೆ ಕೇಳಿ ಆಟ ಶುರುಮಾಡಿದರು.

ಮೂರನೆಯ ಪ್ರಶ್ನೆಗೆ ಜಗಳ ಬಂತು. ಮೊದಲನೇ ತಂಡದ ಹುಡುಗಿ ಗುಂಡಿಯನ್ನು ಚಕ್ಕನೆ ಒತ್ತಿ ಬಿಟ್ಟಳು, ಅವಳ ದೀಪ ಹತ್ತಿತು. ಎರಡನೇ ತಂಡದ ಹುಡುಗ ತಡವಾಗಿ ಒತ್ತಿದ, ಆದರೆ ಬೆರಳು ತೆಗೆಯಲೇ ಇಲ್ಲ. ಪ್ರಶಿಕ್ಷಣಾರ್ಥಿ ಪ್ರಶ್ನೆಯ ಹಾಳೆಯಿಂದ ತಲೆ ಎತ್ತುವಷ್ಟರಲ್ಲಿ ಎರಡು ಸೆಕೆಂಡು ಕಳೆದಿತ್ತು. ಹುಡುಗಿಯ ದೀಪ ಆರಿತ್ತು, ಹುಡುಗನ ದೀಪ ಉರಿಯುತ್ತಿತ್ತು. ಅವಕಾಶ ಹುಡುಗನಿಗೆ ಹೋಯಿತು.

"ಮಿಸ್, ನಾನೇ ಫಸ್ಟು ಒತ್ತಿದ್ದು. ಅದು ಮರ್ತೋಯ್ತು ಅಷ್ಟೇ" ಎಂದಳು ಅವಳು.

"ದೀಪ ಯಾರದ್ದು ಹತ್ತಿದೆ ನೋಡಮ್ಮ. ಯಂತ್ರ ಸುಳ್ಳು ಹೇಳಲ್ಲ" ಎಂದರು ನಮ್ಮವರು.

ಹುಡುಗಿ ಕಣ್ಣು ತುಂಬಿಕೊಂಡು ಕುಳಿತಳು. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬುದು ನಿಜವೇ. ಆದರೆ ಅವತ್ತು ತರಗತಿಯಲ್ಲಿ ವಿಷಯವನ್ನು ಸರಿಯಾಗಿ ಹೇಳಿದ್ದು ಆ ಹುಡುಗಿ: ಅದು ಮರೆತಿತ್ತು. ಇನ್ನೂ ನಿಖರವಾಗಿ ಹೇಳಬೇಕೆಂದರೆ, ನೆನಪಿಟ್ಟುಕೋ ಎಂದು ಅದಕ್ಕೆ ಯಾರೂ ಹೇಳಿರಲೇ ಇಲ್ಲ. ಪಾಠದ ನಂತರದ ಚರ್ಚೆಯಲ್ಲಿ ನಾವಿಬ್ಬರೂ ಕುಳಿತು ಬಿಡಿಸಿಕೊಂಡ ಈ ಗಂಟನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಲ್ಯಾಬುಗಳಿಗೆ ಹೋಗುವ ಎಲ್ಲ ಪ್ರಶಿಕ್ಷಣಾರ್ಥಿಗಳಿಗೂ ಇದೇ ಗಂಟು ಎದುರಾಗುತ್ತದೆ.

ಮೊದಲು ಪೂರ್ವಜ್ಞಾನದ ಮಾತು. ಮಕ್ಕಳಿಗೆ ಎರಡು ಬಗೆಯ ಗುಂಡಿ ಮನೆಯಲ್ಲೇ ಗೊತ್ತಿದೆ. ಕರೆಗಂಟೆಯ ಗುಂಡಿ ಒತ್ತಿದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ದೀಪದ ಸ್ವಿಚ್ಚು ಒಮ್ಮೆ ಒತ್ತಿದರೆ ಹಾಗೇ ನಿಲ್ಲುತ್ತದೆ, ಒಳಗಿನ ಸ್ಪ್ರಿಂಗೇ ಅದರ ನೆನಪು. ಬ್ರೆಡ್‌ಬೋರ್ಡಿನ ಮೇಲೆ ಕೂರುವ ನಾಲ್ಕು ಕಾಲಿನ ಪುಟ್ಟ ಗುಂಡಿ ಕರೆಗಂಟೆಯ ಜಾತಿಗೆ ಸೇರಿದ್ದು, ಅದಕ್ಕೆ ಸ್ವಂತ ನೆನಪಿಲ್ಲ. ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ನಮ್ಮ ಕಡೆಯ ಮಕ್ಕಳಿಗೆ ಗೊತ್ತಿರುವ ಮೂರನೆಯ ಉದಾಹರಣೆಯೊಂದಿದೆ, ಅದನ್ನು ಯಾಕೋ ಯಾರೂ ತರಗತಿಗೆ ತರುವುದಿಲ್ಲ: ಪಂಪ್‌ಸೆಟ್ಟಿನ ಸ್ಟಾರ್ಟರ್.

ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬರುವ ಯಾವ ಮಗುವನ್ನು ಬೇಕಾದರೂ ಕೇಳಿ. ಹಸಿರು ಗುಂಡಿ ಒತ್ತಿ ಕೈ ತೆಗೆದರೂ ಮೋಟಾರು ಓಡುತ್ತಲೇ ಇರುತ್ತದೆ, ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ಹಸಿರು ಗುಂಡಿ ತಾನೇನೂ ಒಳಗೆ ಸಿಕ್ಕಿಹಾಕಿಕೊಂಡು ನಿಲ್ಲುವುದಿಲ್ಲ, ಕರೆಗಂಟೆಯ ಗುಂಡಿಯ ಹಾಗೆ ಹಿಂದಕ್ಕೆ ಬರುತ್ತದೆ. ಹಾಗಾದರೆ ಒತ್ತಿದ್ದನ್ನು ನೆನಪಿಟ್ಟುಕೊಂಡದ್ದು ಯಾರು? ಗುಂಡಿ ಒತ್ತಿದಾಗ ಒಳಗಿನ ಸುರುಳಿಗೆ ವಿದ್ಯುತ್ ಹರಿಯುತ್ತದೆ. ಸುರುಳಿ ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆದುಕೊಳ್ಳುತ್ತದೆ, ಮೋಟಾರಿನ ಸಂಪರ್ಕಗಳು ಕೂಡುತ್ತವೆ. ಜೊತೆಯಲ್ಲೇ ಇನ್ನೊಂದು ಪುಟ್ಟ ಸಂಪರ್ಕವೂ ಕೂಡುತ್ತದೆ. ಅದು ಹಸಿರು ಗುಂಡಿಗೆ ಸಮಾಂತರವಾಗಿ ಜೋಡಿಸಿದ್ದು. ಈಗ ನೀವು ಕೈ ತೆಗೆದರೂ ಸುರುಳಿಗೆ ವಿದ್ಯುತ್ ಈ ಪಕ್ಕದ ದಾರಿಯಿಂದ ಸಿಗುತ್ತಲೇ ಇರುತ್ತದೆ. ಅಂದರೆ ಸುರುಳಿ ತನ್ನನ್ನು ತಾನೇ ಹಿಡಿದುಕೊಂಡಿದೆ. ಕೆಂಪು ಗುಂಡಿ ಆ ದಾರಿಯನ್ನು ಕತ್ತರಿಸುತ್ತದೆ. ಕರೆಂಟು ಹೋದರೂ ಸುರುಳಿಯ ಹಿಡಿತ ಬಿಡುತ್ತದೆ. ಮತ್ತೆ ಕರೆಂಟು ಬಂದಾಗ ಮೋಟಾರು ತಾನಾಗಿ ಓಡುವುದಿಲ್ಲ, ಅದಕ್ಕೇ ರಾತ್ರಿ ಹನ್ನೊಂದಕ್ಕೆ ತ್ರೀಫೇಸ್ ಬಂದರೆ ಯಾರಾದರೂ ಟಾರ್ಚು ಹಿಡಿದು ಗದ್ದೆಗೆ ಹೋಗಬೇಕು, ಇಲ್ಲವೇ ಆಟೊ ಸ್ಟಾರ್ಟರ್ ಹಾಕಿಸಬೇಕು.

ನಾವು ಪ್ರೋಗ್ರಾಂನಲ್ಲಿ ಮಾಡಬೇಕಾದ್ದೆಲ್ಲ ಈ ಡಬ್ಬಿಯೊಳಗೆ ಇದೆ: ಒತ್ತಿದ್ದನ್ನು ಹಿಡಿದಿಡುವ ಒಂದು ಜಾಗ, ಅದನ್ನು ಬಿಡಿಸುವ ಒಂದು ದಾರಿ, ಕರೆಂಟು ಹೋದರೆ ಏನು ಎಂಬ ಪ್ರಶ್ನೆ.

ಈಗ ಬೋರ್ಡಿನ ಕಡೆ. ಆರ್ಡುಯಿನೊ ಊನೊದಲ್ಲಿ ನಾವು ಬರೆದ ಪ್ರೋಗ್ರಾಂನ ಮುಖ್ಯ ಭಾಗ 'ಲೂಪ್' ಎಂಬ ಹೆಸರಿನಲ್ಲಿ ಕೊನೆಯಿಲ್ಲದೆ ಸುತ್ತುತ್ತಿರುತ್ತದೆ. ಅದರ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಬಾರಿ ಮಿಡಿಯುತ್ತದೆ. ಎರಡು ಗುಂಡಿ ನೋಡಿ ಎರಡು ದೀಪ ಹತ್ತಿಸುವ ಸಣ್ಣ ಲೂಪು ಸೆಕೆಂಡಿಗೆ ಹತ್ತಾರು ಸಾವಿರ ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲೂ ಅದು ಗುಂಡಿಗೆ ಕೇಳುವ ಪ್ರಶ್ನೆ ಒಂದೇ: ಈಗ ಒತ್ತಿದೆಯೇ? 'ಆಗ ಒತ್ತಿತ್ತೇ' ಎಂದು ಅದು ಎಂದೂ ಕೇಳುವುದಿಲ್ಲ. ಮಕ್ಕಳಿಗೆ ಬೇಕಾಗಿರುವುದು ಎರಡನೆಯ ಪ್ರಶ್ನೆ, ಬೋರ್ಡಿಗೆ ಗೊತ್ತಿರುವುದು ಮೊದಲನೆಯದು. ಇವೆರಡರ ನಡುವಿನ ಅಂತರವನ್ನು ತುಂಬುವುದು ವೇರಿಯಬಲ್. ನಾವು ಅದಕ್ಕೆ 'ನೆನಪು' ಎಂದೇ ಹೆಸರಿಡೋಣ. ಕೀಲಿಮಣೆಯಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಸರಿ. ಆದರೆ ಕಪ್ಪುಹಲಗೆಯ ಮೇಲೆ ಮೊದಲು ಕನ್ನಡದಲ್ಲಿ ಬರೆಯಲು ಯಾರ ಅಡ್ಡಿಯೂ ಇಲ್ಲ. ಪರದೆಯಿಂದ ನಕಲು ಮಾಡಿದ ಮಕ್ಕಳು ಆವರಣ ಚಿಹ್ನೆ ಬಿಟ್ಟುಹೋಯಿತೇ ಎಂದು ಹುಡುಕುತ್ತಾರೆ, ಹಲಗೆಯಲ್ಲಿ ಕನ್ನಡದಲ್ಲಿ ಓದಿದ ಮಕ್ಕಳು ಅರ್ಥ ಕೂಡುತ್ತದೆಯೇ ಎಂದು ಹುಡುಕುತ್ತಾರೆ.

ನೆನಪು = 0
ಸದಾ ಮಾಡುತ್ತಿರು:
ನೆನಪು 0 ಇದ್ದು, ಒಂದನೇ ಗುಂಡಿ ಒತ್ತಿದ್ದರೆ, ನೆನಪು = 1
ನೆನಪು 0 ಇದ್ದು, ಎರಡನೇ ಗುಂಡಿ ಒತ್ತಿದ್ದರೆ, ನೆನಪು = 2
ನೆನಪು 1 ಆದರೆ ಒಂದನೇ ದೀಪ, 2 ಆದರೆ ಎರಡನೇ ದೀಪ ಹತ್ತಲಿ. 0 ಆದರೆ ಎರಡೂ ಆರಿರಲಿ
ಶಿಕ್ಷಕರ ಗುಂಡಿ ಒತ್ತಿದ್ದರೆ, ನೆನಪು = 0

ಇಲ್ಲಿ ಗಮನಿಸಬೇಕಾದದ್ದು ದೀಪದ ಸಾಲು. ಹಿಂದಿನ ಪ್ರೋಗ್ರಾಂನಲ್ಲಿ ದೀಪ ಗುಂಡಿಯನ್ನು ನೋಡುತ್ತಿತ್ತು. ಈಗ ದೀಪ ನೆನಪನ್ನು ನೋಡುತ್ತದೆ, ಗುಂಡಿ ನೆನಪನ್ನು ಬದಲಾಯಿಸುತ್ತದೆ. ಗುಂಡಿಗೂ ದೀಪಕ್ಕೂ ನೇರ ಸಂಬಂಧವೇ ಇಲ್ಲ. ಬೆರಳು ತೆಗೆದರೆ ಏನಾಗುತ್ತದೆ ಎಂದು ಮಕ್ಕಳನ್ನು ಸಾಲು ಸಾಲಾಗಿ ಓದಿಸಿ. ಏನೂ ಆಗುವುದಿಲ್ಲ, ಯಾಕೆಂದರೆ ಬೆರಳು ತೆಗೆಯುವುದರ ಬಗ್ಗೆ ಯಾವ ಸಾಲೂ ಮಾತಾಡುವುದಿಲ್ಲ. ಎರಡನೇ ತಂಡ ತಡವಾಗಿ ಒತ್ತಿದರೆ? ನೆನಪು ಆಗಲೇ 1 ಇದೆ, 0 ಇಲ್ಲ, ಆದ್ದರಿಂದ ಆ ಸಾಲಿನೊಳಗೆ ಹೋಗುವುದೇ ಇಲ್ಲ.

ಡಿಲೇ ಯಾಕೆ ಕೈಕೊಟ್ಟಿತೆಂಬುದು ಈಗ ಸ್ಪಷ್ಟ. ಡಿಲೇ ನೆನಪಲ್ಲ, ನಿದ್ರೆ. ಆ ಎರಡು ಸೆಕೆಂಡು ಬೋರ್ಡು ಗುಂಡಿಗಳ ಕಡೆ ನೋಡುವುದೇ ಇಲ್ಲ. ಆ ಅವಧಿಯಲ್ಲಿ ಯಾರಾದರೂ ಒತ್ತಿ ಬಿಟ್ಟರೆ ಅದು ಆಗಲೇ ಇಲ್ಲವೆಂಬಂತೆ ಕಳೆದುಹೋಗುತ್ತದೆ, ಒತ್ತಿಕೊಂಡೇ ಇದ್ದರೆ ಎದ್ದ ತಕ್ಷಣ ಅವರೇ ಮೊದಲಿಗರಂತೆ ಕಾಣುತ್ತಾರೆ. ಹುಡುಗಿಗೆ ಆದದ್ದು ಇದೇ. ಇಬ್ಬರೂ ಒಟ್ಟಿಗೇ ಒತ್ತಿದರೆ ಮೇಲಿನ ಸಾಲಿನಲ್ಲಿರುವ ಒಂದನೇ ತಂಡಕ್ಕೆ ಪಕ್ಷಪಾತ ಆಗುವುದಿಲ್ಲವೇ ಎಂದು ಜಾಣ ಮಗುವೊಂದು ಕೇಳಿಯೇ ಕೇಳುತ್ತದೆ. ಆಗುತ್ತದೆ, ಆದರೆ ಎರಡೂ ಗುಂಡಿ ಒಂದೇ ಸುತ್ತಿನ ಅವಧಿಯೊಳಗೆ, ಅಂದರೆ ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿಗಿಂತ ಕಡಿಮೆ ಅಂತರದಲ್ಲಿ, ಒತ್ತಲ್ಪಟ್ಟರೆ ಮಾತ್ರ. ಲೂಪಿನಲ್ಲಿ ಡಿಲೇ ಹಾಕಿದ ಕೂಡಲೇ ಈ ಕಣ್ಣಿಗೆ ಕಾಣದ ಪಕ್ಷಪಾತ ಎರಡು ಸೆಕೆಂಡಿನಷ್ಟು ದೊಡ್ಡದಾಗುತ್ತದೆ.

ಪ್ರಶಿಕ್ಷಣಾರ್ಥಿಗಳು ಮಾಡುವ ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. 'ನೆನಪು = 0' ಎಂಬ ಮೊದಲ ಸಾಲನ್ನು ಲೂಪಿನ ಒಳಗೆ ಬರೆದುಬಿಡುತ್ತಾರೆ. ಪ್ರೋಗ್ರಾಂ ತಪ್ಪು ತೋರಿಸದೆ ಬೋರ್ಡಿಗೆ ಇಳಿಯುತ್ತದೆ, ಆದರೆ ಪ್ರತಿ ಸುತ್ತಿಗೂ ಒಂದು ಹೊಸ ನೆನಪು ಹುಟ್ಟಿ ಸುತ್ತು ಮುಗಿದಾಗ ಸಾಯುತ್ತದೆ. ಮತ್ತೆ ಬೆರಳು ತೆಗೆದರೆ ದೀಪ ಆರುತ್ತದೆ, ಮತ್ತೆ ಎಲ್ಲರೂ ತಂತಿ ಅಲುಗಾಡಿಸಿ ನೋಡುತ್ತಾರೆ. ಪ್ರತಿ ಪೀರಿಯಡ್ಡಿಗೂ ಹಾಜರಿ ಪುಸ್ತಕವನ್ನು ಹೊಸದಾಗಿ ಹೊಲಿಯುವ ಶಾಲೆಯನ್ನು ಊಹಿಸಿಕೊಳ್ಳಿ ಎಂದು ನಾನು ಹೇಳುವುದುಂಟು. ನೆನಪು ಲೂಪಿನ ಹೊರಗೆ, ಪ್ರೋಗ್ರಾಂನ ತಲೆಯಲ್ಲಿ ಹುಟ್ಟಬೇಕು.

ತಂತಿಯ ವಿಷಯ ಚುಟುಕಾಗಿ: ಗುಂಡಿಯ ಒಂದು ಕಾಲನ್ನು ನೆಲಕ್ಕೆ, ಇನ್ನೊಂದನ್ನು ಬೋರ್ಡಿನ ಪಿನ್ನಿಗೆ ಕೊಟ್ಟು, ಬೋರ್ಡಿನೊಳಗಿನ ಪುಲ್‌ಅಪ್ ರೋಧಕವನ್ನು ಬಳಸುವುದು ಸುಲಭ. ಆಗ ಒತ್ತಿದಾಗ 0, ಬಿಟ್ಟಾಗ 1 ಎಂದು ಓದುತ್ತದೆ. ಈ ತಲೆಕೆಳಗು ಮಕ್ಕಳನ್ನು ಕಾಡುತ್ತದೆ, ಮೊದಲೇ ಹೇಳಿಬಿಡಿ. ರೋಧಕವಿಲ್ಲದೆ ಪಿನ್ನನ್ನು ತೇಲಲು ಬಿಟ್ಟರೆ ಕೈ ಹತ್ತಿರ ತಂದರೂ ದೀಪ ಮಿನುಗಬಹುದು. ಅದನ್ನು ಬೇಕಂತಲೇ ಒಮ್ಮೆ ತೋರಿಸುವುದೂ ಒಳ್ಳೆಯದೇ.

ಇಲ್ಲಿಯವರೆಗೆ ಹೇಳಿದ್ದು ಒಮ್ಮೆ ಒತ್ತಿದರೆ ಹಿಡಿದಿಡುವ ನೆನಪು. ಇನ್ನೊಂದು ಬಗೆಯದಿದೆ: ಒಮ್ಮೆ ಒತ್ತಿದರೆ ಹತ್ತಬೇಕು, ಅದೇ ಗುಂಡಿ ಮತ್ತೆ ಒತ್ತಿದರೆ ಆರಬೇಕು. 'ಗುಂಡಿ ಒತ್ತಿದ್ದರೆ ನೆನಪನ್ನು ತಿರುಗಿಸು' ಎಂದು ಬರೆದರೆ ದೀಪ ಮಂಕಾಗಿ ಉರಿದು, ಬಿಟ್ಟಾಗ ಒಮ್ಮೆ ಹತ್ತಿಯೂ ಒಮ್ಮೆ ಆರಿಯೂ ನಿಲ್ಲುತ್ತದೆ. ನಾವು ಒಮ್ಮೆ ಒತ್ತಿದ್ದು ಸೆಕೆಂಡಿನ ಹತ್ತನೇ ಒಂದು ಪಾಲೇ ಇರಬಹುದು, ಅಷ್ಟರಲ್ಲಿ ಲೂಪು ಸಾವಿರಾರು ಸುತ್ತು ಬಂದು ಸಾವಿರಾರು ಬಾರಿ ತಿರುಗಿಸಿರುತ್ತದೆ. ಇಲ್ಲಿ ಬೇಕಾದ್ದು ಎರಡನೆಯ ನೆನಪು: ಹಿಂದಿನ ಸುತ್ತಿನಲ್ಲಿ ಗುಂಡಿ ಹೇಗಿತ್ತು? ಹಿಂದೆ ಬಿಟ್ಟಿತ್ತು, ಈಗ ಒತ್ತಿದೆ ಎಂದಾದರೆ ಮಾತ್ರ ಅದು ಹೊಸ ಒತ್ತು. ಸುತ್ತಿನ ಕೊನೆಯಲ್ಲಿ 'ಹಿಂದಿನದು = ಈಗಿನದು' ಎಂದು ಬರೆದುಕೊಂಡು ಮುಂದಕ್ಕೆ ಹೋಗಬೇಕು. ಶಿಕ್ಷಕರಿಗೆ ಇದು ಹೊಸದೇನಲ್ಲ. ತರಗತಿಗೆ ಹೊಸ ಮಗು ಬಂದಿದೆ ಎಂದು ನಮಗೆ ಗೊತ್ತಾಗುವುದು ನಿನ್ನೆ ಆ ಜಾಗ ಖಾಲಿ ಇತ್ತೆಂಬ ನೆನಪಿನಿಂದಲೇ.

ಇಷ್ಟು ಮಾಡಿದರೂ ದೀಪ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. ಗುಂಡಿಯೊಳಗಿನ ಲೋಹದ ತಗಡುಗಳು ಕೂಡುವಾಗ ನೆಲಕ್ಕೆ ಬಿದ್ದ ಗೋಲಿಯ ಹಾಗೆ ಕೆಲವು ಬಾರಿ ಪುಟಿದು ನಿಲ್ಲುತ್ತವೆ. ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡಿನ ಕೆಲಸ. ನಮಗೆ ಗೊತ್ತಾಗದು, ಬೋರ್ಡಿಗೆ ಅದು ನಾಲ್ಕೈದು ಒತ್ತುಗಳಂತೆ ಕಾಣುತ್ತದೆ. ಹಾಗಾಗಿ ಬದಲಾವಣೆ ಕಂಡ ಮೇಲೆ ಸುಮಾರು 50 ಮಿಲಿಸೆಕೆಂಡು ಅದೇ ಸ್ಥಿತಿ ಸ್ಥಿರವಾಗಿ ನಿಂತರೆ ಮಾತ್ರ ನಂಬುವುದು ವಾಡಿಕೆ. ಕಾಯಲು ಡಿಲೇ ಬೇಡ. ಬೋರ್ಡು ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳನ್ನು ಹೇಳುವ 'ಮಿಲಿಸ್' ಎಂಬ ಎಣಿಕೆಯಿದೆ, ಬದಲಾವಣೆ ಕಂಡ ಹೊತ್ತನ್ನು ಬರೆದಿಟ್ಟುಕೊಂಡು ಅದರೊಂದಿಗೆ ಹೋಲಿಸುತ್ತಿದ್ದರಾಯಿತು.

ಪುಟಿತ ತಡೆಯುವ ಈ ತುಣುಕನ್ನು ಮಂತ್ರದಂತೆ ಎಲ್ಲ ಕಡೆ ಅಂಟಿಸುವುದು ನಮ್ಮಲ್ಲಿ ರೂಢಿಯಾಗಿದೆ. ನನಗೆ ಅದು ಇಷ್ಟವಿಲ್ಲ. ಮೇಲಿನ ರಸಪ್ರಶ್ನೆಯ ಪ್ರೋಗ್ರಾಂಗೆ ಅದು ಬೇಕಾಗಿಯೇ ಇಲ್ಲ. ಮೊದಲ ಸ್ಪರ್ಶದಲ್ಲೇ ನೆನಪು 1 ಆಗಿಬಿಡುತ್ತದೆ, ಆಮೇಲೆ ಗುಂಡಿ ಎಷ್ಟು ಪುಟಿದರೂ ಕೇಳುವವರಿಲ್ಲ. ಎಣಿಸುವಾಗ, ತಿರುಗಿಸುವಾಗ ಪುಟಿತ ತೊಂದರೆ ಕೊಡುತ್ತದೆ. ಹಿಡಿದಿಡುವಾಗ ಕೊಡುವುದಿಲ್ಲ. ಯಾವ ರೋಗಕ್ಕೆ ಯಾವ ಔಷಧಿ ಎಂದು ಮಕ್ಕಳೇ ಕಂಡುಕೊಳ್ಳಲು ಮೊದಲು ರೋಗವನ್ನು ನೋಡಲು ಬಿಡಬೇಕು.

ಚರ್ಚೆಯಲ್ಲಿ ಇಲ್ಲಿಗೆ ಬಂದಾಗ ಪ್ರಶಿಕ್ಷಣಾರ್ಥಿ ಒಂದು ಪ್ರಶ್ನೆ ಕೇಳಿದರು. 'ಬೀಗ ಹಾಕಿದ ಸ್ಥಿತಿ' ಎಂಬುದನ್ನು ಒಂಬತ್ತನೇ ತರಗತಿಗೆ ಯಾವ ಉದಾಹರಣೆಯಿಂದ ಹೇಳಲಿ? ಪಕ್ಕದ ಕುರ್ಚಿಯಲ್ಲಿ ಕುಳಿತು ಕಾಪಿ ತಿದ್ದುತ್ತಿದ್ದ ಆ ಶಾಲೆಯ ಮಾರ್ಗದರ್ಶಕ ಶಿಕ್ಷಕರು ತಲೆ ಎತ್ತದೆ ಹೇಳಿದರು: "ಎಲೆಕ್ಷನ್ ಡ್ಯೂಟಿಗೆ ಬಂದಿಲ್ವಲ್ಲ ನೀವು ಇನ್ನೂ. ಬಂದ್ರೆ ಗೊತ್ತಾಗುತ್ತೆ."

ಅವರು ಹೇಳಿದ್ದು ಸರಿ. ನಮ್ಮ ಶಿಕ್ಷಕರಲ್ಲಿ ಬಹುಪಾಲು ಮಂದಿ ಒಮ್ಮೆಯಾದರೂ ಮತಗಟ್ಟೆಯಲ್ಲಿ ಕುಳಿತು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಅಥವಾ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸಿದ ಮತಯಂತ್ರವನ್ನು ನಡೆಸಿದ್ದಾರೆ. 1982ರಲ್ಲಿ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲು ಬಳಕೆಯಾಗಿ, 2004ರ ಲೋಕಸಭಾ ಚುನಾವಣೆಯಿಂದ ಎಲ್ಲ ಕ್ಷೇತ್ರಗಳಿಗೂ ಬಂದ ಯಂತ್ರ ಅದು. ಗುಂಡಿ ಒತ್ತಿದ್ದನ್ನು ನೆನಪಿಡುವ ಇದಕ್ಕಿಂತ ಗಂಭೀರವಾದ ಕೆಲಸ ಇನ್ನೊಂದಿಲ್ಲ.

ಮೂರನೇ ಮತಗಟ್ಟೆ ಅಧಿಕಾರಿ ಕಂಟ್ರೋಲ್ ಯೂನಿಟ್ಟಿನಲ್ಲಿ 'ಬ್ಯಾಲಟ್' ಗುಂಡಿ ಒತ್ತುತ್ತಾರೆ. ಅವರ ಮುಂದೆ 'ಬ್ಯುಸಿ' ಎಂಬ ಕೆಂಪು ದೀಪ, ಮತದಾರರ ಮುಂದಿನ ಬ್ಯಾಲಟ್ ಯೂನಿಟ್ಟಿನಲ್ಲಿ 'ರೆಡಿ' ಎಂಬ ಹಸಿರು ದೀಪ ಹತ್ತುತ್ತವೆ. ಮತದಾರರು ಒಂದು ನೀಲಿ ಗುಂಡಿ ಒತ್ತುತ್ತಾರೆ. ಆ ಅಭ್ಯರ್ಥಿಯ ಮುಂದೆ ಕೆಂಪು ದೀಪ, ಆಮೇಲೆ ಉದ್ದನೆಯ ಬೀಪ್, ಹಸಿರು ದೀಪ ಆರುತ್ತದೆ. ಈಗ ಅವರು ಅದೇ ಗುಂಡಿಯನ್ನಾಗಲಿ ಬೇರೆ ಗುಂಡಿಯನ್ನಾಗಲಿ ಹತ್ತು ಸಲ ಒತ್ತಲಿ, ಏನೂ ಆಗದು. ಮತ್ತೆ ಅಧಿಕಾರಿ 'ಬ್ಯಾಲಟ್' ಒತ್ತುವವರೆಗೆ ಯಂತ್ರ ಬೀಗ ಹಾಕಿಕೊಂಡಿರುತ್ತದೆ. ಇದನ್ನು ನಮ್ಮ ಆರು ಸಾಲಿನ ಪಕ್ಕ ಇಟ್ಟು ನೋಡಿ. ನೆನಪು 0 ಎಂದರೆ ಹಸಿರು ದೀಪ, ಶಿಕ್ಷಕರ ಗುಂಡಿ ಎಂದರೆ 'ಬ್ಯಾಲಟ್'. ಎರಡನೇ ಒತ್ತನ್ನು ಗುರುತಿಸಿ ತಿರಸ್ಕರಿಸಬೇಕಿಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ಥಿತಿಯೇ ಆಗ ಇಲ್ಲದಿದ್ದರೆ ಸಾಕು.

ಮತಯಂತ್ರದಲ್ಲಿ ಇನ್ನೊಂದು ಬಗೆಯ ಅಳಿಸುವಿಕೆಯೂ ಇದೆ. ಮತದಾನ ಶುರುವಾಗುವ ಮೊದಲು ಏಜೆಂಟರ ಎದುರು ಅಣಕು ಮತದಾನ ನಡೆಸಿ, ಲೆಕ್ಕ ತಾಳೆ ನೋಡಿ, 'ಕ್ಲಿಯರ್' ಒತ್ತಿ ಎಲ್ಲವನ್ನೂ ಸೊನ್ನೆ ಮಾಡಿ ಆಮೇಲೆ ಮೊಹರು ಹಾಕುತ್ತಾರೆ. 'ಬ್ಯಾಲಟ್' ಗುಂಡಿ ಬೀಗ ತೆರೆಯುತ್ತದೆ, ಎಣಿಕೆ ಅಳಿಸುವುದಿಲ್ಲ. 'ಕ್ಲಿಯರ್' ಎಣಿಕೆಯನ್ನೇ ಅಳಿಸುತ್ತದೆ, ಅದಕ್ಕೇ ಅದು ಮೊಹರಿನ ಹಿಂದೆ. ಮಕ್ಕಳ ಬಜರಿಗೆ ಅಂಕ ಎಣಿಸುವ ಕೆಲಸ ಸೇರಿಸಿದರೆ ಇದೇ ವಿವೇಚನೆ ಬೇಕಾಗುತ್ತದೆ. ಯಾವ ನೆನಪನ್ನು ಯಾರು, ಯಾವಾಗ ಅಳಿಸಬಹುದು? ಪ್ರೋಗ್ರಾಂ ಬರೆಯುವ ಮುನ್ನ ತರಗತಿಯಲ್ಲಿ ಐದು ನಿಮಿಷ ವಾದ ನಡೆಯಲಿ.

ಸ್ಟಾರ್ಟರಿನ ಮೂರನೆಯ ಪ್ರಶ್ನೆ ಬಾಕಿ ಇದೆ: ಕರೆಂಟು ಹೋದರೆ? ಮತಯಂತ್ರ ಬ್ಯಾಟರಿ ತೆಗೆದರೂ ಮತಗಳನ್ನು ಮರೆಯುವುದಿಲ್ಲ. ನಮ್ಮ ವೇರಿಯಬಲ್ ಮರೆಯುತ್ತದೆ, ಯುಎಸ್‌ಬಿ ತಂತಿ ಕಿತ್ತರೆ ಎಲ್ಲ ಸೊನ್ನೆ. ಊನೊ ಬೋರ್ಡಿನ ಚಿಪ್ಪಿನಲ್ಲಿ ಕರೆಂಟಿಲ್ಲದೆಯೂ ಉಳಿಯುವ ಈಪ್ರಾಮ್ ಎಂಬ ಜಾಗ 1024 ಬೈಟಿನಷ್ಟಿದೆ. ಅಂಕಗಳನ್ನು ಅಲ್ಲಿ ಬರೆದಿಡಬಹುದು. ಆದರೆ ಒಂದೊಂದು ಜಾಗಕ್ಕೂ ಸುಮಾರು 1 ಲಕ್ಷ ಬಾರಿ ಬರೆಯುವಷ್ಟೇ ಆಯುಸ್ಸು. ಒಮ್ಮೆ ಬರೆಯಲು ಸುಮಾರು 3.3 ಮಿಲಿಸೆಕೆಂಡು ಬೇಕು. ಯೋಚಿಸದೆ ಲೂಪಿನೊಳಗೆ ಪ್ರತಿ ಸುತ್ತಿಗೂ ಬರೆಯುವಂತೆ ಮಾಡಿದರೆ 330 ಸೆಕೆಂಡು, ಅಂದರೆ ಐದೂವರೆ ನಿಮಿಷದಲ್ಲಿ ಆ ಜಾಗದ ಖಾತರಿ ಆಯುಸ್ಸು ಮುಗಿಯುತ್ತದೆ. ಗಣಿತದ ಪೀರಿಯಡ್ಡಿಗೆ ಒಳ್ಳೆಯ ಲೆಕ್ಕ ಇದು. ನೆನಪು ಬದಲಾದಾಗ ಮಾತ್ರ ಬರೆಯಬೇಕು. ಮತ್ತೆ ಅದೇ 'ಹಿಂದಿನದು, ಈಗಿನದು' ಹೋಲಿಕೆ.

ಅಳಿಸಲಾಗದ ನೆನಪಿಗೆ ಮೈಸೂರಿನವರು ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಕಾರ್ಖಾನೆ ಬನ್ನಿಮಂಟಪದಲ್ಲಿದೆ. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಬೀಳುವ ಶಾಯಿ ಅಲ್ಲಿಯದು. ಅದರಲ್ಲಿರುವ ಬೆಳ್ಳಿಯ ನೈಟ್ರೇಟು ಚರ್ಮದ ಉಪ್ಪಿನೊಂದಿಗೆ ಕೂಡಿ ಬೆಳಕಿಗೆ ಕಪ್ಪಾಗುತ್ತದೆ. ಸೋಪು ಹಾಕಿ ತೊಳೆದರೆ ಹೋಗುವುದಿಲ್ಲ, ಹೊಸ ಚರ್ಮ, ಹೊಸ ಉಗುರು ಬೆಳೆದಂತೆ ತಾನಾಗಿ ಹೋಗುತ್ತದೆ. ಯಂತ್ರ ಮತ ಬಿದ್ದದ್ದನ್ನು ನೆನಪಿಡುತ್ತದೆ, ಯಾರು ಹಾಕಿದರೆಂಬುದನ್ನು ನೆನಪಿಡುವುದಿಲ್ಲ. ಬೆರಳು ಮತ ಹಾಕಿದ್ದನ್ನು ನೆನಪಿಡುತ್ತದೆ, ಯಾರಿಗೆ ಎಂಬುದನ್ನಲ್ಲ. ಏನನ್ನು ನೆನಪಿಡಬಾರದು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕಾಗುತ್ತದೆಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತಿಳಿದಿಲ್ಲ.

ಒಂದು ವಾರದ ನಂತರ ಅದೇ ತರಗತಿಗೆ ಪ್ರಶಿಕ್ಷಣಾರ್ಥಿ ಎರಡನೆಯ ಪಾಠ ಮಾಡಿದರು. ಈ ಸಲ ಪರದೆಯಲ್ಲಿ ಪ್ರೋಗ್ರಾಂ ಇರಲಿಲ್ಲ. ಹಲಗೆಯ ಮೇಲೆ ಆರು ಸಾಲು ಕನ್ನಡದಲ್ಲಿತ್ತು, ಅದರಲ್ಲೂ ದೀಪದ ಸಾಲನ್ನು ಖಾಲಿ ಬಿಟ್ಟು ಮಕ್ಕಳಿಂದ ತುಂಬಿಸಿದರು. ಪಾಠ ಶುರುಮಾಡುವ ಮೊದಲು ಆ ಹುಡುಗಿಯನ್ನು ನಿಲ್ಲಿಸಿ, "ಅವತ್ತು ನೀನು ಹೇಳಿದ್ದೇ ಸರಿ ಕಣಮ್ಮ, ನನ್ನ ಪ್ರೋಗ್ರಾಂ ತಪ್ಪಿತ್ತು" ಎಂದರು. ವೀಕ್ಷಣಾ ಪುಸ್ತಕದಲ್ಲಿ ಇದಕ್ಕೆ ಅಂಕ ಕೊಡುವ ಕಲಂ ಇಲ್ಲ. ನಾನು ಅಂಚಿನಲ್ಲಿ ಬರೆದುಕೊಂಡೆ.

ಬಜರ್ ಚೆನ್ನಾಗಿ ನಡೆಯಿತು, ನಾಲ್ಕು ಪ್ರಶ್ನೆಯವರೆಗೆ. ಐದನೆಯದಕ್ಕೆ ಎರಡನೇ ತಂಡದ ದೀಪ ಪ್ರಶ್ನೆ ಓದುವ ಮೊದಲೇ ಹತ್ತಿತು. ಆರನೆಯದಕ್ಕೂ ಹಾಗೇ ಆಯಿತು. ಹುಡುಗ ಹಲ್ಲು ಬಿಡುತ್ತಿದ್ದ. ಅವನು ಗುಂಡಿಯಿಂದ ಬೆರಳನ್ನು ತೆಗೆಯುತ್ತಲೇ ಇರಲಿಲ್ಲ. ಶಿಕ್ಷಕರು ತಮ್ಮ ಗುಂಡಿ ಒತ್ತಿ ನೆನಪನ್ನು 0 ಮಾಡಿದ ಮರುಸುತ್ತಿನಲ್ಲೇ ಪ್ರೋಗ್ರಾಂ ಅವನ ಗುಂಡಿ ಒತ್ತಿರುವುದನ್ನು ಕಂಡು 2 ಬರೆದುಕೊಳ್ಳುತ್ತಿತ್ತು. ಹಲಗೆಯ ಸಾಲುಗಳ ಪ್ರಕಾರ ಅದು ಮಾಡಿದ್ದು ತಪ್ಪೇನೂ ಅಲ್ಲ.

ನನಗೆ ತಕ್ಷಣ ಹೊಳೆದದ್ದು 'ಹಿಂದಿನದು, ಈಗಿನದು' ವಿಧಾನ. ಆದರೆ ಅದನ್ನು ತಂದರೆ ಬೆರಳು ಬಿಡುವಾಗಿನ ಪುಟಿತವೂ ಹೊಸ ಒತ್ತಿನಂತೆ ಕಂಡು, ಆಗಲೇ ಬೇಡವೆಂದಿದ್ದ ಔಷಧಿ ಬೇಕಾಗುತ್ತದೆ. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು, ನಾನು ಸುಮ್ಮನಿದ್ದೆ. ಅವರು ತರಗತಿಯ ಕಡೆ ತಿರುಗಿ, ಇವನ ಆಟ ನಿಲ್ಲಿಸೋದು ಹೇಗೆ ಎಂದು ಕೇಳಿದರು.

ಎರಡು ಮೂರು ಉತ್ತರ ಬಂದವು, ಒಂದು "ಕೈ ಮೇಲೆ ಒಂದು ಕೊಡಿ ಮಿಸ್" ಎಂದೂ ಇತ್ತು. ಕೊನೆಗೆ ಆ ಹುಡುಗಿಯೇ ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡು ಕೊನೆಯ ಸಾಲನ್ನು ತಿದ್ದಿದಳು: ಶಿಕ್ಷಕರ ಗುಂಡಿ ಒತ್ತಿದ್ದು, ಒಂದನೇ ಗುಂಡಿಯೂ ಎರಡನೇ ಗುಂಡಿಯೂ ಬಿಟ್ಟಿದ್ದರೆ ಮಾತ್ರ, ನೆನಪು = 0.

ಟೈಪ್ ಮಾಡಿ ಬೋರ್ಡಿಗೆ ಇಳಿಸಿದರು. ಹುಡುಗ ಬೆರಳು ಒತ್ತಿಕೊಂಡೇ ಕುಳಿತ. ಅವನ ದೀಪ ಆರಲೇ ಇಲ್ಲ, ಶಿಕ್ಷಕರು ಎಷ್ಟು ಸಲ ಒತ್ತಿದರೂ ಮುಂದಿನ ಪ್ರಶ್ನೆಗೆ ದಾರಿ ತೆರೆಯಲಿಲ್ಲ, ಇಡೀ ತರಗತಿ ಅವನ ಕಡೆ ನೋಡಿತು. ಅವನು ಕೈ ತೆಗೆದ. ಗಂಟೆ ಹೊಡೆಯಿತು.